ವಿಸ್ಕಾನ್ಸಿನ್ ಚಳಿ-ಗಾಳಿಗೆ ನಿಲ್ಲುವ ಮುಚ್ಚಿದ ಬ್ಲೈಂಡ್: ಕಟ್ಟೋದಾ, ಕೊಳ್ಳೋದಾ?

ಓಕ್‌ತೋಪು:

ನೈಋತ್ಯ ವಿಸ್ಕಾನ್ಸಿನ್‌ನಲ್ಲಿ ಸ್ವಂತ ಜಾಗ. ಅರ್ಧ ಓಕ್ ಕಾಡು, ಅರ್ಧ ಹುಲ್ಲುಗಾವಲು, ಮಣ್ಣು ಜೇಡಿ. ನವೆಂಬರ್ ಗನ್ ಸೀಸನ್ನಿಗೆ (ಬಂದೂಕಿನಲ್ಲಿ ಜಿಂಕೆ ಬೇಟೆಯಾಡೋ ಕಾಲ) ಇಬ್ಬರು ಕೂರುವಂಥ 6×6 ಅಡಿಯ ಮುಚ್ಚಿದ ಬ್ಲೈಂಡ್, ಅಂದ್ರೆ ಬೇಟೆಗೆ ಮರೆಯಾಗಿ ಕೂರೋ ಗೂಡು, ಬೇಕು. ನೆಲದಿಂದ 10 ಅಡಿ ಎತ್ತರ ಅಂದ್ಕೊಂಡಿದ್ದೀನಿ. ಜಾಗದ ಜೊತೆ ಬಂದ ಹಳೇ ಪ್ಲೈವುಡ್ ಡಬ್ಬದ ಕಥೆ ಮುಗಿದಿದೆ: ತಳದ ಮೂಲೆಗಳಲ್ಲಿ ಚಾಕು ಒತ್ತಿದರೆ ಬೆಣ್ಣೆ ಥರ ಇಳಿಯತ್ತೆ, ಹೂತಿಟ್ಟ ಒಂದು ಕಂಬ ಮೇಲೆದ್ದು ಬಾಗಿಲು ಚೌಕಟ್ಟಿಗೆ ಕೂರ್ತಿಲ್ಲ, ಹೀಟರ್ ಹಚ್ಚಿದ ಸ್ವಲ್ಪ ಹೊತ್ತಿಗೇ ಕಿಟಕಿ ತುಂಬ ಮಂಜು.

ಮರಗೆಲಸ ತಕ್ಕಮಟ್ಟಿಗೆ ಬರತ್ತೆ. ಹೊಸದು ಕಟ್ಟೋದಾದ್ರೆ ಏನು ಹಾಕಬೇಕು, ಎಷ್ಟು ಬೇಕು? ಇಲ್ಲಾ ಫೈಬರ್‌ಗ್ಲಾಸಿಂದು ರೆಡಿಮೇಡ್ ತರೋದೇ ವಾಸಿನಾ? ಹತ್ತು-ಹದಿನೈದು ವರ್ಷ ಅದರ ತಂಟೆಗೆ ಹೋಗೋ ಹಾಗಿರಬಾರದು.

ರಂಧಾ_ಉಳಿ:

ಮೊದಲು ಹಳೇದು ಯಾಕೆ ಕೊಳೀತು ಅಂತ ನೋಡಿ, ಇಲ್ಲಾಂದ್ರೆ ಹೊಸದೂ ಹಾಗೇ ಆಗತ್ತೆ. ಹತ್ತರಲ್ಲಿ ಒಂಬತ್ತು ಬ್ಲೈಂಡ್ ಸಾಯೋದು ಒಂದೇ ಜಾಗದಲ್ಲಿ: ಗೋಡೆ ಮತ್ತು ತಳ ಸೇರೋ ಅಂಚು. ತಳದ ಪ್ಲೈವುಡ್ಡನ್ನ ಚೌಕಟ್ಟಿಗಿಂತ ಅರ್ಧ ಇಂಚು ಹೊರಗೆ ಬಿಟ್ಟು, ಅದರ ಮೇಲೆ ಗೋಡೆ ಕೂರಿಸ್ತಾರೆ. ಗೋಡೆ ಮೇಲೆ ಇಳಿದ ನೀರು ಆ ಚಾಚಿದ ಅಂಚಿನ ಮೇಲೆ ನಿಂತು, ಪ್ಲೈವುಡ್ ಪದರಗಳ ನಡುವೆ ನುಗ್ಗಿ ಒಳಗೆ ಬರತ್ತೆ. ಕಾಕ್ (ಸಂದು ಮುಚ್ಚೋ ಅಂಟು) ಬಳಿದರೆ ಒಂದೆರಡು ಚಳಿಗಾಲ ತಡೀಬಹುದು, ಆಮೇಲೆ ಬಿರುಕು ಬಿಡತ್ತೆ.

ಸರಿಯಾದ ಕ್ರಮ ಇದು: ತಳದ ಪ್ಲೈವುಡ್ ಚೌಕಟ್ಟಿನ ಅಂಚಿಗೆ ಸಮವಾಗಿರಲಿ. ಸೈಡಿಂಗ್ (ಗೋಡೆಯ ಹೊರಹೊದಿಕೆ ಹಲಗೆ) ತಳದ ಅಂಚನ್ನ ದಾಟಿ ಒಂದೂವರೆ ಇಂಚು ಕೆಳಗೆ ಇಳಿದಿರಲಿ. ನೀರು ಅಲ್ಲಿಂದ ನೇರ ನೆಲಕ್ಕೆ ತೊಟ್ಟಿಕ್ಕತ್ತೆ, ಕೂಡುಜಾಗಕ್ಕೆ ತಲುಪೋದೇ ಇಲ್ಲ. ಸೈಡಿಂಗ್‌ನ ಕೆಳಗಿನ ಕತ್ತರಿಸಿದ ಅಂಚಿಗೆ, ಹಲಗೆ ನಿಲ್ಲಿಸೋ ಮೊದಲೇ ಎರಡು ಕೋಟ್ ಪೇಂಟ್ ಕುಡಿಸಿ. ನಿಲ್ಲಿಸಿದ ಮೇಲೆ ಅಲ್ಲಿಗೆ ಬ್ರಷ್ ಹೋಗಲ್ಲ, ಎಲ್ಲರೂ ಬಿಟ್ಟೇಬಿಡ್ತಾರೆ.

6×6 ಡಬ್ಬಕ್ಕೆ ಬೇಕಾಗೋದು:

ತಳಕ್ಕೆ 12 ಅಡಿ ಉದ್ದದ 2×6 ಇಂಚಿನ ಟ್ರೀಟೆಡ್ ಮರ (ಕೊಳೆಯದ ಹಾಗೆ ಔಷಧ ಕುಡಿಸಿದ್ದು) ನಾಲ್ಕು. ಒಂದೊಂದನ್ನ ಎರಡು ತುಂಡು ಮಾಡಿದರೆ ಎಂಟು. ಎರಡು ರಿಮ್ (ಹೊರ ಅಂಚಿನ ತೊಲೆ), ಆರು ಜಾಯಿಸ್ಟ್ (ನಡುವಿನ ಅಡ್ಡ ತೊಲೆ), 16 ಇಂಚಿಗೊಂದು. ಮೇಲೆ ಮುಕ್ಕಾಲು ಇಂಚಿನ ಟ್ರೀಟೆಡ್ ಪ್ಲೈವುಡ್ ಎರಡು ಶೀಟ್. ತಳಕ್ಕೆ ಓಎಸ್‌ಬಿ (ಮರದ ಚಕ್ಕೆ ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ, ಅಂಚು ಒದ್ದೆಯಾದರೆ ಊದಿ ಮತ್ತೆ ಇಳಿಯಲ್ಲ.

ಗೋಡೆಗೆ 2×4×8 ಸುಮಾರು 30, ಸೈಡಿಂಗ್ 4×8 ಆರು ಶೀಟ್. ಪ್ರತಿ ಗೋಡೆಗೆ ಒಂದು ಪೂರ್ತಿ ಶೀಟ್, ಇನ್ನೊಂದರ ಉದ್ದುದ್ದ ಅರ್ಧ. ಎಲ್‌ಪಿ ಸ್ಮಾರ್ಟ್‌ಸೈಡ್ ಅನ್ನೋ ಕಂಪನಿ ಸೈಡಿಂಗ್ ಹಾಕಿದರೆ ಕೀಲಿನಲ್ಲಿ ಅವರು ಹೇಳಿದಷ್ಟು ಸಂದು ಬಿಡಿ, ಕತ್ತರಿಸಿದ ಅಂಚಿಗೆಲ್ಲ ಪೇಂಟ್.

ಮಾಡಿಗೆ ಮುಂದಿನ ಗೋಡೆ 7 ಅಡಿ, ಹಿಂದಿನದು 6. ಅಡಿಗೆ ಎರಡು ಇಂಚು ಇಳಿಜಾರು ಸಿಗತ್ತೆ, ಹಿಮ ನೀರಾಗಿ ಹಿಂದಕ್ಕೆ ಹೋಗತ್ತೆ. ಮುಂದೆ 8 ಇಂಚು, ಮಿಕ್ಕ ಕಡೆ 4–6 ಇಂಚು ಸೂರು. ತಗಡನ್ನ ನೇರ ರೀಪರ್ ಮೇಲೆ ಹೊಡೀಬೇಡಿ. ರಾತ್ರಿ ತಗಡಿನ ಒಳಮೈಯಲ್ಲಿ ಇಬ್ಬನಿ ಕೂತು ಬೆಳಿಗ್ಗೆ ನಿಮ್ಮ ಕುತ್ತಿಗೆ ಮೇಲೆ ತೊಟ್ಟಿಕ್ಕತ್ತೆ. ಅರ್ಧ ಇಂಚು ಪ್ಲೈವುಡ್, ಅದರ ಮೇಲೆ ರೂಫಿಂಗ್ ಫೆಲ್ಟ್ (ಡಾಂಬರು ಕುಡಿಸಿದ ಹಾಳೆ), ಆಮೇಲೆ ತಗಡು. ರಬ್ಬರ್ ವಾಷರ್ ಇರೋ ಸ್ಕ್ರೂ ಚಪ್ಪಟೆ ಭಾಗದಲ್ಲಿ ಹೊಡೀರಿ. ವಾಷರ್ ಸ್ವಲ್ಪ ಉಬ್ಬಿದರೆ ಸಾಕು. ಅಂಚಿನಿಂದ ಹಿಂಡಿ ಹೊರಗೆ ಬಂದಿದ್ರೆ ಜಾಸ್ತಿ ಬಿಗಿಯಾಗಿದೆ ಅಂತ, ಬಿಸಿಲಿಗೆ ಬೇಗ ಹರಿಯತ್ತೆ.

ಮೊಳೆ, ಸ್ಕ್ರೂ, ಬ್ರಾಕೆಟ್ ಎಲ್ಲಾ ಹಾಟ್-ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಅಥವಾ ಸ್ಟೇನ್‌ಲೆಸ್ ಇರಲಿ. ಈಗಿನ ಟ್ರೀಟೆಡ್ ಮರದಲ್ಲಿ ತಾಮ್ರ ಇರತ್ತೆ, ಫಳಫಳ ಹೊಳೆಯೋ ಅಗ್ಗದ ಜಿಂಕ್ ಸ್ಕ್ರೂನ ತಿಂದು ಹಾಕತ್ತೆ.

ಲೋಡ್_ಲೆಕ್ಕ:

ಡಬ್ಬದ ಬಗ್ಗೆ ಉಳಿ ಅವರು ಹೇಳಿದ್ದಕ್ಕೆ ನನ್ನದೇನೂ ತಕರಾರಿಲ್ಲ. ಆದ್ರೆ ಓಕ್‌ತೋಪು ಅವರೇ, 10 ಅಡಿ ಅಂದ್ರಲ್ಲ, ಅಲ್ಲಿ ಮಳೆಗಿಂತ ಗಾಳಿಗೆ ಹೆದರಬೇಕು.

ಗಂಟೆಗೆ 70 ಮೈಲಿ ಗಾಳಿ ಅಂದ್ರೆ ಚದರ ಅಡಿಗೆ ಸುಮಾರು 12.5 ಪೌಂಡ್ ಒತ್ತಡ. ನಿಮ್ಮ ಗೋಡೆ ಸರಾಸರಿ 6×6.5, ಅಂದ್ರೆ 39 ಚದರ ಅಡಿ. ಡಬ್ಬದ ಆಕಾರಕ್ಕೆ 1.3 ಗುಣಕ ಸೇರಿಸಿದರೆ ತಳ್ಳೋ ಬಲ ಸುಮಾರು 640 ಪೌಂಡ್. ಅದು ನೆಲದಿಂದ 13 ಅಡಿ ಮೇಲೆ ಕೆಲಸ ಮಾಡತ್ತೆ, ಉರುಳಿಸೋ ಶಕ್ತಿ ಸುಮಾರು 8,400 ಅಡಿ-ಪೌಂಡ್. ಕಾಲು ಸೇರಿ ಎಲ್ಲಾ 1,100 ಪೌಂಡ್ ತೂಗತ್ತೆ ಅಂತಿಟ್ಕೊಳ್ಳಿ. ಕಾಲು ನೇರ ಇಳಿದಿದ್ರೆ, ಅಂದ್ರೆ ಕೆಳಗೂ 6 ಅಡಿ ಅಗಲ, ತೂಕ ತಡೆಯೋದು 3,300 ಮಾತ್ರ. ಗಾಳಿ ಬರೋ ಕಡೆಯ ಎರಡು ಕಾಲು 850 ಪೌಂಡ್ ಬಲದಲ್ಲಿ ಮೇಲೇಳ್ತವೆ. ಅದೇ ಕಾಲುಗಳನ್ನ ಓರೆಯಾಗಿ ಹರಡಿ ಕೆಳಗೆ 10 ಅಡಿ ಅಗಲ ಮಾಡಿದರೆ ಈ ಬಲ 290ಕ್ಕೆ ಇಳಿಯತ್ತೆ. ಅದೇ ಮರ, ಮೂರನೇ ಒಂದು ಪಾಲು ತಲೆನೋವು.

ಹಾಗಾಗಿ ಎಲಿವೇಟರ್ ಬ್ರಾಕೆಟ್ ಅಂತ ಸಿಗ್ತವಲ್ಲ, ಓರೆ ಕೋನದಲ್ಲಿ ಕಾಲು ಕೂರಿಸೋ ಉಕ್ಕಿನ ಮೂಲೆ, ಅದನ್ನ ಹಾಕಿ. 10 ಅಡಿ ಎತ್ತರಕ್ಕೆ ಓರೆ ಕಾಲು ಹತ್ತೂವರೆ ಅಡಿಯಷ್ಟಾಗತ್ತೆ, ಹಾಗಾಗಿ 12 ಅಡಿಯ ಮರವೇ ತರಬೇಕು. ನೆಲ ಮುಟ್ಟೋ ಮರದ ಚೀಟಿ ಮೇಲೆ ಯುಸಿ4ಎ ಅಂತಿರಬೇಕು. ಯುಸಿ3ಬಿ ನೆಲದಿಂದ ಮೇಲಿನ ಕೆಲಸಕ್ಕೆ ಮಾತ್ರ. ನಾಲ್ಕೂ ಕಡೆ ಎಕ್ಸ್ ಆಕಾರದ ಬ್ರೇಸ್ ಬೇಕು, ಬೋಲ್ಟ್ ಹಾಕಿ. ಬರೀ ಸ್ಕ್ರೂ ಹೊಡೆದರೆ ತೂಗಾಡಿ ತೂಗಾಡಿ ರಂಧ್ರ ಸಡಿಲ ಆಗತ್ತೆ, ಗುರಿ ಹಿಡಿಯೋವಾಗ ಸ್ಕೋಪ್ ಅಲ್ಲಾಡತ್ತೆ.

ಇನ್ನು ನಿಮ್ಮ ಎದ್ದ ಕಂಬ. ಜೇಡಿಮಣ್ಣು ನೀರು ಹಿಡಿದು ಹೆಪ್ಪುಗಟ್ಟುವಾಗ ಕಂಬದ ಮೈಯನ್ನ ಕಚ್ಚಿಕೊಂಡು ಮೇಲಕ್ಕೆತ್ತತ್ತೆ. ಕರಗಿದಾಗ ಕೆಳಗೆ ಮಣ್ಣು ಜಾರಿ ತುಂಬ್ಕೊಂಡಿರತ್ತೆ, ಕಂಬ ವಾಪಸ್ ಇಳಿಯಲ್ಲ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ. ಎರಡಡಿ ಹೂತರೆ ಏನೂ ಪ್ರಯೋಜನ ಇಲ್ಲ. ವಿಸ್ಕಾನ್ಸಿನ್‌ನಲ್ಲಿ ಮನೆ ಪಾಯಕ್ಕೇ 48 ಇಂಚು ಆಳ ಕೇಳ್ತಾರೆ.

ಓಕ್‌ತೋಪು:

ಹಾಗಾದ್ರೆ 48 ಇಂಚು ತೋಡಿ ಕಾಂಕ್ರೀಟ್ ಹಾಕ್ಲಾ?

ಲೋಡ್_ಲೆಕ್ಕ:

ಬೇಡ. ಹೂಳಲೇಬೇಡಿ, ತೇಲಿಸಿ. ಪ್ರತಿ ಕಾಲಿನ ಕೆಳಗೆ ಹುಲ್ಲು-ಬೇರು ತೆಗೆದು 6 ಇಂಚು ಜಲ್ಲಿ ಬಡಿದು ಕೂರಿಸಿ, ಅದರ ಮೇಲೆ 16×16 ಇಂಚಿನ ಕಾಂಕ್ರೀಟ್ ಪೇವರ್ (ಚಪ್ಪಟೆ ಹಾಸುಬಿಲ್ಲೆ), ಅದರ ಮೇಲೆ ಕಾಲು. ನೀರು ಬಸಿದು ಹೋಗೋದ್ರಿಂದ ಹೆಪ್ಪು ಅಷ್ಟಾಗಿ ಎತ್ತಲ್ಲ, ಎತ್ತಿದ್ರೂ ವಸಂತದಲ್ಲಿ ಜ್ಯಾಕ್ ಕೊಟ್ಟು ಲೆವೆಲ್ ಮಾಡೋದು ಅರ್ಧ ದಿನದ ಕೆಲಸ. ಕಾಲಿನ ತುದಿ ಪೇವರ್‌ಗೆ ಓರೆಯಾಗಿ ಚುಚ್ಚಿ ನಿಲ್ಲದ ಹಾಗೆ ಕೆಳಗೆ ಸಮತಟ್ಟಾಗಿ ಕತ್ತರಿಸಿ. ಗಾಳಿಗೆ ಹಿಡಿದಿಡೋಕೆ ನಾಲ್ಕು ಮೂಲೆಗೂ 30 ಇಂಚಿನ ತಿರುಪು ಆಂಕರ್ ಇಳಿಸಿ, ತಳದ ಚೌಕಟ್ಟಿನಿಂದ ಕೇಬಲ್ ಮತ್ತು ಟರ್ನ್‌ಬಕಲ್ (ತಿರುಗಿಸಿ ಕೇಬಲ್ ಬಿಗಿ ಮಾಡೋ ಕೊಂಡಿ). ಒದ್ದೆ ಮಣ್ಣಿನಲ್ಲಿ ಆಂಕರ್ ಹಿಡಿತ ಕಡಿಮೆ, ಅದಕ್ಕೇ ನಾಲ್ಕೂ ಮೂಲೆ. ಹಿಮ ಕರಗಿದ ಮೇಲೆ ಕೇಬಲ್ ಸಡಿಲಾಗಿರತ್ತೆ, ಟರ್ನ್‌ಬಕಲ್ ತಿರುಗಿಸಿ.

10 ಅಡಿ ನಿಜವಾಗ್ಲೂ ಬೇಕಾ ಅಂತ ಇನ್ನೊಂದ್ಸಲ ಯೋಚಿಸಿ. ಇಳಿಜಾರಿನ ನೆತ್ತಿಯಲ್ಲಿ 5 ಅಡಿ ಸಾಕು. ಆಗ ಉರುಳಿಸೋ ಶಕ್ತಿ 5,200ರ ಆಸುಪಾಸು, ಮೆಟ್ಟಿಲೂ ಸುಲಭ.

ಕೆಂಪುಮಣ್ಣು_ಅಯೋವಾ:

ಕೊಳ್ಳೋ ಲೆಕ್ಕ ನಾನು ಹೇಳ್ತೀನಿ. ಮುಖ್ಯವಾಗಿ ಎರಡು ಜಾತಿ. ಫೈಬರ್‌ಗ್ಲಾಸ್, ರೆಡ್‌ನೆಕ್ ಕಂಪನಿಯವರದ್ದು ಇದೇ. ಇನ್ನೊಂದು ಅಚ್ಚಿನಲ್ಲಿ ತಿರುಗಿಸಿ ಎರೆದ ಪಾಲಿಎಥಿಲೀನ್, ನಮ್ಮ ನೀರಿನ ಟ್ಯಾಂಕ್ ಮಾಡ್ತಾರಲ್ಲ ಹಾಗೆ; ಬ್ಯಾಂಕ್ಸ್ ಅವರ ಸ್ಟಂಪ್ ಈ ಸಾಲಿಗೆ ಸೇರಿದ್ದು. ಎರಡೂ ಕೊಳೆಯಲ್ಲ.

ಪಾಲಿ ಮೃದು, ತಟ್ಟಿದರೆ ಸದ್ದು ಕಡಿಮೆ. ಆದ್ರೆ ಚಳಿಗೆ ಕುಗ್ಗಿ ಬಿಸಿಲಿಗೆ ಹಿಗ್ಗತ್ತೆ, ಬಾಗಿಲು ಜನವರಿಯಲ್ಲಿ ಕೂತ ಹಾಗೆ ಜುಲೈನಲ್ಲಿ ಕೂರಲ್ಲ. ಬಣ್ಣವೂ ಹಿಡಿಯಲ್ಲ, ಸಿಲಿಕೋನೂ ಅಂಟಲ್ಲ. ತುಂಡು ತುಂಡಾಗಿ ಬರೋ ಮಾಡೆಲ್ ತಂದರೆ ಸೇರೋ ಅಂಚಿಗೆ ಬ್ಯುಟೈಲ್ ಟೇಪ್ (ರಬ್ಬರಿನಂಥ ಮೆತ್ತನೆ ಅಂಟುಪಟ್ಟಿ) ಇಟ್ಟು ಬೋಲ್ಟ್ ಬಿಗೀರಿ, ಸಿಲಿಕೋನ್ ಸುತ್ತಿದರೆ ಒಂದು ಚಳಿಗಾಲಕ್ಕೆ ಸಿಪ್ಪೆ ಏಳತ್ತೆ. ಫೈಬರ್‌ಗ್ಲಾಸ್ ಅಳತೆ ಬದಲಾಗಲ್ಲ, ಕಿಟಕಿ ಸರಿಯಾಗಿ ಕೂರತ್ತೆ. ಪೆಟ್ಟು ಬಿದ್ದರೆ ಜೆಲ್‌ಕೋಟ್ (ಹೊರಗಿನ ನುಣುಪು ಲೇಪನ) ಬಿರುಕು ಬಿಡತ್ತೆ, ಅಲ್ಲಿ ನೀರು ಹೊಕ್ಕು ಹೆಪ್ಪುಗಟ್ಟೋ ಮೊದಲು ದೋಣಿ ರಿಪೇರಿ ಕಿಟ್ ಬಳಿದುಬಿಡಿ.

ಅಂಗಡಿಯಲ್ಲಿ ನೋಡೋದಾದ್ರೆ ಬಣ್ಣ, ಕಪ್‌ಹೋಲ್ಡರ್ ನೋಡ್ಬೇಡಿ. ಒಳಗೆ ಕೂತು ಬಾಗಿಲು ಹಾಕಿ: ಬೆಳಕಿನ ಗೆರೆ ಕಂಡ ಕಡೆಯಿಂದೆಲ್ಲ ಗಾಳಿ, ಕಣಜ ಬರತ್ತೆ. ಎಲ್ಲಾ ಕಿಟಕಿಯನ್ನೂ ಕೈಗವಸು ಹಾಕ್ಕೊಂಡೇ ತೆಗೆದು ನೋಡಿ, ಟಕ್ ಅಂದ್ರೆ ಬೇಡ. ಆಮೇಲೆ ಸ್ಟ್ಯಾಂಡ್ ಎಷ್ಟು, ಸಾಗಾಟ ಎಷ್ಟು ಅಂತ ಕೇಳಿ. ಡಬ್ಬದ ಬೆಲೆಗೆ ಇವೆರಡು ಸೇರಿದಾಗ್ಲೇ ಜನ ಗರಗಸ ಹುಡುಕೋಕೆ ಶುರು ಮಾಡೋದು. ಕಾಡಿನೊಳಗೆ ನಿಲ್ಲಿಸೋಕೆ ಟ್ರ್ಯಾಕ್ಟರ್ ಲೋಡರ್ ಇಲ್ಲದಿದ್ರೆ ಇಡೀ ಡಬ್ಬ ತರಬೇಡಿ. ರೆಡಿಮೇಡ್ ತಂದ್ರೂ ಮೇಲಿನ ಗಾಳಿ ಲೆಕ್ಕ ತಪ್ಪಲ್ಲ, ಇದು ಇನ್ನೂ ಹಗುರ, ಬೇಗ ಹಾರತ್ತೆ.

ಮರಗೆಲಸ ಬರತ್ತೆ ಅಂದ್ರಲ್ಲ, ನನ್ನ ಮಾತು ಕೇಳಿದ್ರೆ ಡಬ್ಬ ಕಟ್ಟಿ, ಕಿಟಕಿ ಮಾತ್ರ ಬ್ಲೈಂಡಿಗಂತಲೇ ಮಾಡಿದ್ದನ್ನ ಕೊಂಡು ತನ್ನಿ.

ರಂಧಾ_ಉಳಿ:

ಕಿಟಕಿ ವಿಷಯಕ್ಕೆ ನಾನೂ ಅದೇ ಅಂತೀನಿ. ಸ್ವಂತ ಮಾಡೋದೇ ಆದ್ರೆ ಅಕ್ರಿಲಿಕ್ ಬೇಡ, ಚಳಿಯಲ್ಲಿ ಸ್ಕ್ರೂ ರಂಧ್ರದಿಂದ ಸೀಳತ್ತೆ. ಕಾಲು ಇಂಚಿನ ಪಾಲಿಕಾರ್ಬೊನೇಟ್, ಯುವಿ ಲೇಪನ ಇರೋದು, ಲೇಪನದ ಬದಿ ಹೊರಗೆ. 30 ಇಂಚಿನ ಶೀಟ್ ಚಳಿಗಾಲ-ಬೇಸಿಗೆ ನಡುವೆ ಇಂಚಿನ ಎಂಟನೇ ಒಂದರಷ್ಟು ಹಿಗ್ಗಿ ಕುಗ್ಗತ್ತೆ. 8ನೇ ನಂಬರ್ ಸ್ಕ್ರೂಗೆ 3/8 ಇಂಚು ರಂಧ್ರ, ರಬ್ಬರ್ ವಾಷರ್, ಕೈಬಿಗಿ ಮಾತ್ರ. ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಹಾಕಿದ್ರೆ ಸಣ್ಣ ಬಿರುಕಿನ ಬಲೆ ಏಳತ್ತೆ. ಸೋಪು ನೀರು ಸಾಕು.

ಬಂದೂಕಿಗೆ 12 ಇಂಚು ಎತ್ತರ, 30 ಅಗಲ. ಕಿಟಕಿಯ ಕೆಳದಂಡೆ ತಳದಿಂದ ಸುಮಾರು 36 ಇಂಚು, ಆದ್ರೆ ಕತ್ತರಿಸೋ ಮೊದಲು ನೀವು ಬಳಸೋ ಕುರ್ಚಿಯಲ್ಲೇ ಕೂತು ಅಳೀರಿ. ಇಬ್ಬರಲ್ಲಿ ಗಿಡ್ಡ ಇರೋರ ಲೆಕ್ಕ ಹಿಡೀರಿ. ಕಿಟಕಿ ಒಳಗೆ ತೆರೆದು ಮೇಲೆ ಕೊಕ್ಕೆಗೆ ಸಿಗಲಿ. ಹೊರಗೆ ತೆರೆಯೋದು ಮಂಜುಗಡ್ಡೆ ಮಳೆಗೆ ಅಂಟಿ ನಿಲ್ಲತ್ತೆ. ಕೆಳದಂಡೆಗೆ 15 ಡಿಗ್ರಿ ಹೊರ ಇಳಿಜಾರು ಕೊಡಿ. ಅದರ ಅಡಿಯಲ್ಲಿ, ಹೊರ ಅಂಚಿನಿಂದ ಅರ್ಧ ಇಂಚು ಒಳಗೆ, ಗರಗಸದಲ್ಲಿ ಕಾಲು ಇಂಚು ಆಳದ ಒಂದು ಗೆರೆ ಎಳೀರಿ. ಅಡಿ ಹಿಡಿದು ವಾಪಸ್ ಗೋಡೆ ಕಡೆ ಹರಿಯೋ ನೀರು ಆ ಗೆರೆ ದಾಟಲಾರದೆ ಅಲ್ಲೇ ಬೀಳತ್ತೆ. ಎರಡು ನಿಮಿಷದ ಕೆಲಸ.

ಲೋಡ್_ಲೆಕ್ಕ:

ಮಂಜಿನ ಪ್ರಶ್ನೆ ಬಾಕಿ ಇದೆ. ಒಂದು ಪೌಂಡ್ ಪ್ರೊಪೇನ್ ಉರಿದರೆ ಒಂದೂವರೆ ಪೌಂಡಿಗೂ ಮೀರಿ ನೀರಾವಿ ಬರತ್ತೆ. ಹೀಟರನ್ನ 4,000 ಬಿಟಿಯುಗೆ (ಶಾಖದ ಅಳತೆ) ಇಟ್ರೆ ಗಂಟೆಗೆ ಸುಮಾರು 140 ಎಂಎಲ್, 9,000ಕ್ಕೆ 300 ಎಂಎಲ್, ಜೊತೆಗೆ ಇಬ್ಬರ ಉಸಿರು. ಸಂದಿಲ್ಲದ ಡಬ್ಬದಲ್ಲಿ ಅದು ತಣ್ಣಗಿರೋ ಕಿಟಕಿಗಲ್ಲದೆ ಇನ್ನೆಲ್ಲಿಗೆ ಹೋಗಬೇಕು? ಎದುರುಬದುರು ಗೋಡೆಯಲ್ಲಿ, ಒಂದು ತಳದ ಹತ್ತಿರ, ಒಂದು ಮಾಡಿನ ಕೆಳಗೆ, ಗಾಳಿಕಿಂಡಿ ಬಿಡಿ. ಅಳತೆಗೆ ಹೀಟರ್ ಜೊತೆ ಬಂದ ಪುಸ್ತಕ ನೋಡಿ, ಅದಕ್ಕಿಂತ ಕಡಿಮೆ ಬೇಡ. ಗೋಡೆ-ಮಾಡಿಗೆ ಒಂದಿಂಚು ಫೋಮ್ ಹಲಗೆ ಹಾಕಿದ್ರೆ ಕಡಿಮೆ ಉರಿ ಸಾಕು, ಮಾಡಿನ ಮೇಲೆ ಆಲಿಕಲ್ಲು ಬಡಿಯೋ ಸದ್ದೂ ಇಳಿಯತ್ತೆ. ಫೋಮ್ ಮೇಲೆ ತೆಳು ಪ್ಲೈ ಹೊಡೀರಿ, ಬರಿಮೈ ಫೋಮ್‌ಗೆ ಬೆಂಕಿ ಬೇಗ.

ಹೀಟರ್‌ನಲ್ಲಿ ಆಮ್ಲಜನಕ ಕಮ್ಮಿಯಾದ್ರೆ ತಾನೇ ಆರೋ ವ್ಯವಸ್ಥೆ ಇರತ್ತೆ. ಅದು ಕಾರ್ಬನ್ ಮೊನಾಕ್ಸೈಡ್ ಅಳೆಯಲ್ಲ. ಬ್ಯಾಟರಿಯ ಸಿಒ ಅಲಾರಂ ಬೇರೆ ಇಡಲೇಬೇಕು.

ಹಿಲ್‌ಕಂಟ್ರಿ_ಗೌಡ್ರು:

ನಮ್ಮ ಟೆಕ್ಸಾಸ್‌ನ್ಯಾಗ ಹೆಪ್ಪಿನ ಕಾಟ ಇಲ್ರಿ, ಕಣಜದ ಕಾಟ. ನಿಮ್ಮಲ್ಲೂ ಅದು ತಪ್ಪಂಗಿಲ್ಲ. ರಾಣಿ ಕಣಜ ವಸಂತದಾಗ ಜಾಗ ಹುಡುಕ್ತದ, ಅದಕ್ಕ ಅಕ್ಟೋಬರ್‌ದಾಗ ಔಷಧ ಹೊಡದ್ರ ಏನೂ ಉಪಯೋಗ ಇಲ್ಲ, ಮ್ಯಾಲ ವಾಸನಿ ಬ್ಯಾರೆ. ಏಪ್ರಿಲ್-ಮೇದಾಗ ಒಮ್ಮೆ ಹೋಗಿ ಸಂದಿ ಮುಚ್ಚರಿ. ಗಾಳಿಕಿಂಡಿಗೆ ಎಂಟನೇ ಒಂದು ಇಂಚಿನ ಜಾಲರಿ. ಕಾಲು ಇಂಚು ಸಂದಿ ಇದ್ರ ಇಲಿ ಒಳಗ ಬರ್ತದ. ಬರೇ ಸ್ಪ್ರೇ ಫೋಮ್ ಅದು ಕಡದು ಬಿಡ್ತದ, ತಾಮ್ರದ ಜಾಲಿ ತುರುಕಿ ಮ್ಯಾಲ ಫೋಮ್ ಹಾಕ್ರಿ. ಸ್ಟೀಲ್ ವೂಲ್ ತುಕ್ಕು ಹಿಡಿತದ.

ಕಾರ್ಪೆಟ್ ಹಾಸಬ್ಯಾಡ್ರಿ, ನೀರು ಕುಡದು ತಳ ಕೊಳಸ್ತದ, ಇಲಿಗೂ ಹಾಸಿಗಿ. ಕುದುರಿ ಲಾಯದ ರಬ್ಬರ್ ಮ್ಯಾಟ್ ಹಾಸ್ರಿ, ಸಪ್ಪಳ ಇಲ್ಲ. ವಾಸನಿ ಭಾಳ ಇರ್ತದ, ಬ್ಯಾಸಿಗಿ ಪೂರ್ತಿ ಹೊರಗ ಬಿಸಲಿಗೆ ಹಾಕಿಡ್ರಿ. ಒಳಗ ಗೋಡಿಗೆ ಹೊಳಪಿಲ್ಲದ ಕರಿ ಬಣ್ಣ ಹೊಡೀರಿ, ಬೆನ್ನ ಹಿಂದಿನ ಕಿಟಕಿಗೆ ಕರಿ ಪರದೆ. ಇಲ್ಲಾಂದ್ರ ನಿಮ್ಮ ತಲಿ ಆಕಾಶದ ಎದುರಿಗೆ ಚಿತ್ರ ಬರದಂಗ ಕಾಣ್ತದ.

ಓಕ್‌ತೋಪು:

ಎಲ್ಲರಿಗೂ ಧನ್ಯವಾದ. ಡಬ್ಬ ಕಟ್ಟೋದು, ಕಿಟಕಿ ಕೊಳ್ಳೋದು, 5 ಅಡಿ ಎತ್ತರ, ಪೇವರ್ ಮೇಲೆ. ಏಣಿ ಸಾಕಾ, ಮೆಟ್ಟಿಲೇ ಬೇಕಾ?

ರಂಧಾ_ಉಳಿ:

ಮೆಟ್ಟಿಲು. ಸುಮಾರು 60 ಡಿಗ್ರಿ ಕೋನ, ಎರಡೂ ಕಡೆ ಹಿಡಿಕೆ, ಬಾಗಿಲ ಮುಂದೆ ಕನಿಷ್ಠ ಮೂರಡಿ ಜಗಲಿ. ಬಾಗಿಲು ಒಳಗೆ ತೆರೆಯಲಿ, ಜಗಲಿ ಮೇಲೆ ಹಿಮ ಕೂತ್ರೆ ಹೊರಗೆ ತೆರೆಯೋ ಬಾಗಿಲು ಅಲ್ಲಾಡಲ್ಲ. ಮೆಟ್ಟಿಲಿಗೆ ಮಾಡಿನ ಶಿಂಗಲ್ ಪಟ್ಟಿ ಕತ್ತರಿಸಿ ಮೊಳೆ ಹೊಡೀರಿ, ಅದರ ತರಿಗೆ ಬೂಟು ಜಾರಲ್ಲ. ಬಂದೂಕು ಖಾಲಿ ಮಾಡಿ ಹಗ್ಗದಲ್ಲಿ ಮೇಲೆಳೆದುಕೊಳ್ಳಿ, ನಳಿಗೆ ಕೆಳಮುಖ. ಆಗಸ್ಟ್ ಒಳಗೆ ನಿಲ್ಲಿಸಿಬಿಡಿ. ಜಿಂಕೆಗೂ ಕಣ್ಣು ಪಳಗಬೇಕು, ಟ್ರೀಟೆಡ್ ಮರವೂ ಒಣಗಿದ ಮೇಲಷ್ಟೇ ಪೇಂಟ್ ಹಿಡಿಯೋದು.