‘ಅಜ್ಜಿ ಮನೆ ಬಳಗ’ ಗುಂಪಿನಲ್ಲಿ ಲೆಮ್ಕಿನ್ ಫಾರ್ವರ್ಡ್

ಮಂಡ್ಯ ಮಾವ: (ಫಾರ್ವರ್ಡ್) ಬರಿಗೈಲಿ ಓಡಿಬಂದ ನಿರಾಶ್ರಿತ ಜಗತ್ತಿನ ಕಾನೂನನ್ನೇ ಬದಲಿಸಿದ! ಪೋಲೆಂಡಿನ ವಕೀಲ ರಫೇಲ್ ಲೆಮ್ಕಿನ್ ಕಥೆ. ಛಲ ಇದ್ದವನಿಗೆ ಸೋಲೇ ಇಲ್ಲ 💪🙏

ಮಂಡ್ಯ ಮಾವ: ಮಕ್ಕಳೆಲ್ಲ ಓದಿ. ಸುಮ್ನೆ ರೀಲ್ಸ್ ನೋಡುತ್ತಾ ಕೂರಬೇಡಿ.

ಪುಟ್ಟಿ: ಓದಿದೆ ಮಾವ. ನಮಗೆ ಕಾಲೇಜಿನಲ್ಲಿ ಇವರ ಪಾಠ ಇತ್ತು. ಆದರೆ ಇದರಲ್ಲಿ ಅರ್ಧ ಕಥೆಯೇ ಇಲ್ಲ. ಸೋಲೇ ಇಲ್ಲ ಅಂತೆ! 1959ರಲ್ಲಿ ನ್ಯೂಯಾರ್ಕಿನಲ್ಲಿ ಹೃದಯಾಘಾತವಾಗಿ ಹೋದಾಗ ಕೈಯಲ್ಲಿ ಕಾಸಿರಲಿಲ್ಲ, ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು.

ಮಂಡ್ಯ ಮಾವ: ದುಡ್ಡಿಲ್ಲದಿದ್ದರೆ ಸೋಲಾ? ‘ಜಿನೊಸೈಡ್’ (ಒಂದು ಜನಾಂಗವನ್ನೇ ಅಳಿಸಿಹಾಕೋದು) ಅನ್ನೋ ಪದ ಕಟ್ಟಿದ್ದೇ ಅವರು. 1948ರಲ್ಲಿ ಅದರ ವಿರುದ್ಧ ವಿಶ್ವಸಂಸ್ಥೆ ಒಪ್ಪಂದವೂ ಆಯಿತು. ನಿಮಗೆಲ್ಲ ಒಳ್ಳೇದು ಹೇಳಿದರೂ ತಗಾದೆ.

ಮೈಸೂರು ಅತ್ತೆ: ಕೊಲೆಗೆ ಮೊದಲೇ ಕಾನೂನು ಇತ್ತಲ್ವಾ? ಇದೇನು ಹೊಸದು?

ಪುಟ್ಟಿ: ಅತ್ತೆ, 1921ರಲ್ಲಿ ಬರ್ಲಿನ್‌ನಲ್ಲಿ ಒಬ್ಬ ಅರ್ಮೇನಿಯನ್ ಯುವಕ ತುರ್ಕಿಯ ಮಾಜಿ ಮಂತ್ರಿ ತಲಾತ್ ಪಾಷಾನಿಗೆ ಗುಂಡು ಹಾರಿಸಿದ, ಅವನ ಮೇಲೆ ಕೇಸು ಬಿತ್ತು. ಲಕ್ಷಗಟ್ಟಲೆ ಅರ್ಮೇನಿಯನ್ನರ ಸಾವಿಗೆ ಕಾರಣನಾದ ಪಾಷಾನನ್ನು ಯಾಕೆ ಹಿಡಿಯಲಿಲ್ಲ ಅಂತ ಲೆಮ್ಕಿನ್ ತಮ್ಮ ಕಾನೂನು ಮೇಷ್ಟ್ರನ್ನು ಕೇಳಿದರಂತೆ. ಕೋಳಿ ಸಾಕಿದವನು ತನ್ನ ಕೋಳಿ ಕೊಯ್ದರೆ ನೀನ್ಯಾರು ಕೇಳೋಕೆ, ದೇಶಗಳದ್ದೂ ಹಾಗೇ ಅಂದರಂತೆ ಮೇಷ್ಟ್ರು. ಇದು ಲೆಮ್ಕಿನ್ ಅವರೇ ಬರೆದುಕೊಂಡಿರೋದು.

ಮೈಸೂರು ಅತ್ತೆ: ಅಯ್ಯೋ, ಮನುಷ್ಯರು ಕೋಳಿಗಳಾ!

ಸಿಯಾಟಲ್ ಅಣ್ಣ: ಅವರು ಅಮೆರಿಕಕ್ಕೆ ಬಂದಿಳಿದದ್ದು ನಮ್ಮೂರಲ್ಲೇ ಕಣೇ! ನಾಜಿಗಳಿಂದ ತಪ್ಪಿಸಿಕೊಂಡು ಲಿಥುವೇನಿಯಾ, ಸ್ವೀಡನ್, ಆಮೇಲೆ ರೈಲಲ್ಲಿ ಸೈಬೀರಿಯಾ ದಾಟಿ ಜಪಾನ್, ಅಲ್ಲಿಂದ ಹಡಗು. 1941. ಡ್ಯೂಕ್ ವಿಶ್ವವಿದ್ಯಾಲಯದ ಕೆಲಸಕ್ಕೆ ಇಷ್ಟು ಸುತ್ತು. ನಾನು ಎರಡು ವಿಮಾನ ಬದಲಿಸಿದ್ದಕ್ಕೇ ಗೊಣಗಿದ್ದೆ.

ಮಂಡ್ಯ ಮಾವ: ನೋಡು, ಇದನ್ನೇ ಛಲ ಅನ್ನೋದು.

ಪುಟ್ಟಿ: ಛಲ ಇಲ್ಲ ಅಂದವರು ಯಾರು ಮಾವ? ಹಿಂದೆ ಉಳಿದವರಲ್ಲಿ 49 ಸಂಬಂಧಿಕರನ್ನು ನಾಜಿಗಳು ಕೊಂದರು, ಅಪ್ಪ ಅಮ್ಮ ಸೇರಿ. ಈ ಗುಂಪಿನಲ್ಲಿ ಎಷ್ಟು ಜನ ಇದ್ದೇವೆ, ಮೇಲೆ ಒತ್ತಿ ನೋಡಿ.

ಮೈಸೂರು ಅತ್ತೆ: 46.

ಸಿಯಾಟಲ್ ಅಣ್ಣ: 😔

ಮಂಡ್ಯ ಮಾವ: ಅದು ಗೊತ್ತಿರಲಿಲ್ಲ. ಆದರೂ ಸೋತರು ಅಂತ ನಾನು ಒಪ್ಪಲ್ಲ. 1946ರಲ್ಲಿ ಈ ವಿಷಯವನ್ನು ವಿಶ್ವಸಂಸ್ಥೆಯಲ್ಲಿ ಎತ್ತಿದ ಮೂರು ದೇಶಗಳಲ್ಲಿ ನಮ್ಮದೂ ಒಂದು, ಕ್ಯೂಬಾ, ಪನಾಮಾ ಜೊತೆಗೆ. ಬೆನ್ನು ಬಿದ್ದು ಒಪ್ಪಿಸಿದವರು ಲೆಮ್ಕಿನ್ ಅವರೇ ತಾನೆ?

ಪುಟ್ಟಿ: ಹೌದು. ಆಮೇಲೆ ಒಂದೊಂದು ದೇಶವೂ ಒಪ್ಪಂದವನ್ನು ಅನುಮೋದಿಸಲಿ ಅಂತ ಸಾಲ ಮಾಡಿಕೊಂಡು ಅಲೆದರು. ನಾವು ಅನುಮೋದಿಸಿದ್ದು 1959ರ ಆಗಸ್ಟ್ 27ಕ್ಕೆ. ಅವರು ತೀರಿಕೊಂಡದ್ದು 28ಕ್ಕೆ. ಅಮೆರಿಕ 1988ರಲ್ಲಿ.

ಮೈಸೂರು ಅತ್ತೆ: ಮಾರನೇ ದಿನವೇ? ಪಾಪ, ಸುದ್ದಿ ಮುಟ್ಟಿತೋ ಇಲ್ಲವೋ.

ಪುಟ್ಟಿ: ಸೋತರು ಅಂತ ನಾನೂ ಹೇಳಲಿಲ್ಲ ಮಾವ. ಆ ಕೊನೇ ಸಾಲು ಬೇಡ ಅಂದೆ, ಅಷ್ಟೇ.

ಮಂಡ್ಯ ಮಾವ: ಸರಿ, ಅದೊಂದು ಸಾಲು ಮಾತ್ರ ತೆಗೆಯೋದು ಹೇಗೆ ಹೇಳು. ಆಗಲೇ ಇನ್ನೂ ನಾಲ್ಕು ಗುಂಪಿಗೆ ಹಾಕಿಬಿಟ್ಟಿದ್ದೇನೆ.