ಚಾರ್ಜರ್ ಹಾಕಿದ್ರೆ ಲ್ಯಾಪ್‌ಟಾಪ್ ತೆವಳುತ್ತೆ, ತೆಗೆದ್ರೆ 30%ಗೇ ಆಫ್ ಆಗುತ್ತೆ. ಬಿಸಿಯ ತೊಂದರೆಯೋ, ಪವರ್‌ದೋ?

ಪ್ರಶ್ನೆ

ನಮಸ್ಕಾರ. ನನ್ನದು ನಾಲ್ಕು ವರ್ಷ ಹಳೆಯ 15 ಇಂಚಿನ ಲ್ಯಾಪ್‌ಟಾಪ್, ವಿಂಡೋಸ್ 11. ಥೀಸಿಸ್‌ನ ಕೊನೆಯ ಅಧ್ಯಾಯ ಬರೀತಿದೀನಿ, ದೊಡ್ಡ ಡೇಟಾ ಫೈಲುಗಳನ್ನೂ ಓಡಿಸಬೇಕು. ಈಗ ಇದು ಕೈಕೊಟ್ಟರೆ ತುಂಬಾ ಕಷ್ಟ.

ಕೆಲಸ ಶುರು ಮಾಡಿದ್ರೆ ಫ್ಯಾನ್ ಜೋರಾಗಿ ಕೂಗುತ್ತೆ, ಕೀಬೋರ್ಡಿನ ಮೇಲ್ಭಾಗ ಕೈ ಇಡೋಕಾಗದಷ್ಟು ಕಾಯುತ್ತೆ. ಚಾರ್ಜರ್ ಹಾಕಿದ ಕೂಡಲೇ ಇಡೀ ಸಿಸ್ಟಮ್ ನಿಧಾನ. ಕೀ ಒತ್ತಿದ ಎಷ್ಟೋ ಹೊತ್ತಿಗೆ ಅಕ್ಷರ ಮೂಡುತ್ತೆ. ಚಾರ್ಜರ್ ಕಿತ್ತರೆ ತಕ್ಷಣ ಚುರುಕಾಗುತ್ತೆ. ಬ್ಯಾಟರಿ ಚಿಹ್ನೆ ನೋಡಿದ್ರೆ ಪ್ಲಗ್ ಆಗಿದೆ, ಚಾರ್ಜ್ ಆಗ್ತಿಲ್ಲ ಅನ್ನುತ್ತೆ. ಪಿನ್ ಸ್ವಲ್ಪ ಅಲುಗಾಡಿಸಿದ್ರೆ ಒಮ್ಮೊಮ್ಮೆ ಚಾರ್ಜ್ ಹತ್ತುತ್ತೆ. ಬ್ಯಾಟರಿ ಮೇಲೆ ಓಡಿಸಿದ್ರೆ 30% ಇರುವಾಗಲೇ ಪಟ್ ಅಂತ ಆಫ್.

ಸರ್ವಿಸ್‌ನವರು ಬಿಚ್ಚಿ ನೋಡದೆಯೇ ಮದರ್‌ಬೋರ್ಡ್ ಬದಲಿಸಬೇಕು ಅಂದ್ರು. ಕೂಲಿಂಗ್ ಪ್ಯಾಡ್ ಇಟ್ಟು ನೋಡಿದೆ, ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1

ನಾಲ್ಕು ವರ್ಷ ಅಂದ್ರೆ ಒಳಗೆ ಧೂಳು ಕಟ್ಟಿರುತ್ತೆ. ಕ್ಲೀನ್ ಮಾಡಿಸಿ, ಸಿಪಿಯು ಬಿಸಿಯನ್ನ ಹೊರಗೆ ದಾಟಿಸೋ ಥರ್ಮಲ್ ಪೇಸ್ಟ್ ಹೊಸದು ಹಾಕಿಸಿ. ಹಾಸಿಗೆ, ದಿಂಬಿನ ಮೇಲೆ ಇಟ್ಕೊಂಡು ಬಳಸಬೇಡಿ, ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತೆ.

ಉತ್ತರ 2

ನಾನು ಲ್ಯಾಪ್‌ಟಾಪ್ ರಿಪೇರಿ ಮಾಡೋನು. ಮೇಲಿನವರು ಹೇಳಿದ್ದು ಸರಿ, ಆದ್ರೆ ಅದು ನಿಮ್ಮ ತೊಂದರೆಯ ಒಂದು ಭಾಗ ಅಷ್ಟೇ. ದಯವಿಟ್ಟು ಮದರ್‌ಬೋರ್ಡಿಗೆ ಈಗಲೇ ಒಪ್ಪಬೇಡಿ.

ನೀವು ಬರೆದದ್ದರಲ್ಲಿ ಒಂದು ಮುಖ್ಯ ಸುಳಿವಿದೆ. ಚಾರ್ಜರ್ ಕಿತ್ತ ಕ್ಷಣಕ್ಕೇ ಚುರುಕಾಗುತ್ತೆ ಅಂದ್ರಿ. ಬಿಸಿಯಿಂದ ನಿಧಾನವಾಗಿದ್ರೆ ಹಾಗೆ ಆಗಲ್ಲ, ತಣಿಯೋಕೆ ಸ್ವಲ್ಪ ಹೊತ್ತಾದರೂ ಬೇಕು. ಚಾರ್ಜರ್ ಹಾಕಿದಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ವೇಗ ನೋಡಿ. 0.4 ಅಥವಾ 0.8 ಗಿಗಾಹರ್ಟ್ಸ್‌ಗೆ ಅಂಟಿಕೊಂಡಿದ್ರೆ ಲ್ಯಾಪ್‌ಟಾಪಿಗೆ ಚಾರ್ಜರ್‌ನ ಗುರುತು ಸಿಕ್ತಿಲ್ಲ ಅನ್ನೋ ಅನುಮಾನ ಬಲವಾಗುತ್ತೆ. ಕೆಲವು ಕಂಪನಿಗಳ ದುಂಡು ಪಿನ್ನಿನ ಚಾರ್ಜರ್‌ಗಳಲ್ಲಿ ನಡುವೆ ಸೂಜಿಯಷ್ಟು ತೆಳುವಾದ ಇನ್ನೊಂದು ಪಿನ್ ಇರುತ್ತೆ. ಇದು ಎಷ್ಟು ವಾಟ್‌ನ ಚಾರ್ಜರ್ ಅಂತ ಲ್ಯಾಪ್‌ಟಾಪಿಗೆ ತಿಳಿಯೋದು ಆ ಪಿನ್ನಿನಿಂದ. ಅದು ಬಾಗಿದ್ರೆ, ಮುರಿದಿದ್ರೆ, ಅಥವಾ ಲ್ಯಾಪ್‌ಟಾಪಿನ ಜಾಕ್ (ಚಾರ್ಜರ್ ಪಿನ್ ಹೋಗಿ ಕೂರೋ ತೂತು) ಒಳಗೆ ಸಡಿಲವಾಗಿದ್ರೆ ಕರೆಂಟ್ ಬರುತ್ತೆ, ಗುರುತು ಬರಲ್ಲ. ಆಗ ಲ್ಯಾಪ್‌ಟಾಪ್ ಬ್ಯಾಟರಿ ಚಾರ್ಜ್ ಮಾಡೋದನ್ನ ನಿಲ್ಲಿಸಿ ಸಿಪಿಯು ವೇಗ ಇಳಿಸಿಬಿಡುತ್ತೆ.

ಬಯಾಸ್ (ಆನ್ ಮಾಡಿದಾಗ ವಿಂಡೋಸ್‌ಗೂ ಮುಂಚೆ ತೆರೆಯಬಹುದಾದ ಸೆಟ್ಟಿಂಗ್ಸ್ ಪರದೆ) ತೆರೆದು ನೋಡಿ, ಕೆಲವು ಮಾದರಿಗಳಲ್ಲಿ ಅಡಾಪ್ಟರ್ ಎಷ್ಟು ವಾಟ್ ಅಂತ ಬರೆದಿರುತ್ತೆ. ಚಾರ್ಜರ್‌ನ ಮೈಮೇಲಿನ ಅಂಕಿಗಳನ್ನೂ ಓದಿ: 19.5 ವೋಲ್ಟ್, 3.34 ಆಂಪಿಯರ್ ಅಂತಿದ್ರೆ ಗುಣಿಸಿದಾಗ 65 ವಾಟ್. 2.31 ಆಂಪಿಯರ್ ಇದ್ರೆ 45 ವಾಟ್ ಮಾತ್ರ.

ಇನ್ನು 30%ಗೆ ಆಫ್ ಆಗೋದು. ಎಚ್‌ಡಬ್ಲ್ಯೂಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ತಾಪಮಾನದ ಲಾಗ್ (ದಾಖಲೆ) ಓಡಲಿ ಬಿಡಿ. ಆಫ್ ಆಗುವ ಮುಂಚಿನ ಕೊನೆಯ ಸಾಲು ಬೇಕು. ಈಗಿನ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಮೊದಲು ವೇಗ ತಗ್ಗಿಸಿಕೊಳ್ತವೆ, ಆಫ್ ಆಗೋದು ಕೊನೆಯ ಹೆಜ್ಜೆ. 70-75 ಡಿಗ್ರಿಗೇ ಆಫ್ ಆದ್ರೆ ಅದು ಬಿಸಿಯ ದೋಷ ಅಲ್ಲ, ಬ್ಯಾಟರಿ ಕಡೆ ನೋಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್ (ಟೈಪ್ ಮಾಡೋದು ಇಂಗ್ಲಿಷ್ ಅಕ್ಷರಗಳಲ್ಲಿ) ಕೊಟ್ರೆ ಒಂದು ವರದಿ ಬರುತ್ತೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ (ಹೊಸದಿದ್ದಾಗಿನ ಸಾಮರ್ಥ್ಯ), ಫುಲ್ ಚಾರ್ಜ್ ಕೆಪ್ಯಾಸಿಟಿ (ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ) ಎರಡನ್ನೂ ಇಲ್ಲಿ ಹಾಕಿ. ಟಚ್‌ಪ್ಯಾಡ್ ಉಬ್ಬಿದೆಯಾ ಅಂತಾನೂ ನೋಡಿ, ಮರೀಬೇಡಿ.

ಉತ್ತರ 3

ಚಾರ್ಜರ್ ಗುರುತಿನ ಸಮಸ್ಯೆಗೆ ಸುಲಭ ದಾರಿ ಇದೆ. ಥ್ರಾಟಲ್‌ಸ್ಟಾಪ್ ಅನ್ನೋ ಸಾಫ್ಟ್‌ವೇರ್ ಹಾಕಿ, ಅದರಲ್ಲಿ ‘ಬಿ.ಡಿ. ಪ್ರೊಕ್‌ಹಾಟ್’ ಅನ್ನೋ ಆಯ್ಕೆಯ ಟಿಕ್ ತೆಗೀರಿ, ವೇಗ ವಾಪಸ್ ಬರುತ್ತೆ. ನಾನು ಹಾಗೇ ಬಳಸ್ತಿದೀನಿ.

ಉತ್ತರ 2

ವೇಗ ಬರುತ್ತೆ ನಿಜ, ಆದ್ರೆ ನಾನು ಯಾರಿಗೂ ಅದನ್ನ ಹೇಳಲ್ಲ. ಬಿಸಿಯಾಗಿದೆ ಅಂತಲೋ ಪವರ್ ಸಾಲದು ಅಂತಲೋ ಬೋರ್ಡು ಸಿಪಿಯುಗೆ ಕಳಿಸೋ ಎಚ್ಚರಿಕೆಯೇ ಈ ಪ್ರೊಕ್‌ಹಾಟ್. ಅದನ್ನ ಮುಚ್ಚಿದ್ರೆ ಚಾರ್ಜರ್ ತನ್ನ ಶಕ್ತಿ ಮೀರಿ ಕೊಡಬೇಕಾಗಬಹುದು. ಬ್ಯಾಟರಿಯಂತೂ ಆಗಲೂ ಚಾರ್ಜ್ ಆಗಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಚಾರ್ಜರ್ ಹಾಕಿದಾಗ ವೇಗ 0.79. ಚಾರ್ಜರ್ ಮೇಲೆ 19.5 ವೋಲ್ಟ್, 3.34 ಆಂಪಿಯರ್ ಅಂತಾನೇ ಇದೆ, ಆದ್ರೆ ಬಯಾಸ್‌ನಲ್ಲಿ ಅಡಾಪ್ಟರ್ ಅನ್‌ನೋನ್ ಅಂತ ಬರ್ತಿದೆ. ಲಾಗ್‌ನ ಕೊನೆಯ ಸಾಲಲ್ಲಿ 71 ಡಿಗ್ರಿ. ವರದಿಯಲ್ಲಿ ಡಿಸೈನ್ 41,999, ಫುಲ್ ಚಾರ್ಜ್ 19,870. ಟಚ್‌ಪ್ಯಾಡಿನ ಎಡ ಮೂಲೆ ಪಕ್ಕದ ಮೈಗಿಂತ ಒಂಚೂರು ಮೇಲೆದ್ದಿದೆ, ಕ್ಲಿಕ್ ಕೂಡ ಗಟ್ಟಿಯಾಗಿದೆ. ಲ್ಯಾಪ್‌ಟಾಪನ್ನ ಮೇಜಿನ ಮೇಲಿಟ್ಟರೆ ಸ್ವಲ್ಪ ಕುಂಟುತ್ತೆ.

ಉತ್ತರ 2

ಟಚ್‌ಪ್ಯಾಡ್ ವಿಷಯ ಮೊದಲು. ಅದರ ಕೆಳಗಿರೋ ಬ್ಯಾಟರಿ ಉಬ್ಬಿ ಅದನ್ನ ಮೇಲೆತ್ತಿದೆ ಅಂತಾನೇ ಇಟ್ಟುಕೊಳ್ಳಿ. ಈಗಲೇ ಥೀಸಿಸ್ ಬೇರೆ ಕಡೆ ಕಾಪಿ ಮಾಡಿ, ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತುಬಿಡಿ. ಟಚ್‌ಪ್ಯಾಡನ್ನ ಒತ್ತಿ ಕೂರಿಸೋಕೆ ಹೋಗಬೇಡಿ. ಉಬ್ಬಿದ ಲಿಥಿಯಂ ಸೆಲ್ ಒಳಗೆ ಗ್ಯಾಸ್ ತುಂಬಿರುತ್ತೆ, ಚುಚ್ಚಿದ್ರೂ ಮಡಚಿದ್ರೂ ಬೆಂಕಿ ಹತ್ತಬಹುದು. ಬಿಚ್ಚಿ ಅಭ್ಯಾಸ ಇಲ್ಲದಿದ್ರೆ ಬ್ಯಾಟರಿ ತೆಗೆಯೋ ಕೆಲಸ ಗೊತ್ತಿರೋರ ಕೈಗೆ ಕೊಡಿ. ತೆಗೆದ ಬ್ಯಾಟರಿ ಕಸದ ಬುಟ್ಟಿಗೆ ಬೇಡ, ಇ-ತ್ಯಾಜ್ಯ ತಗೊಳ್ಳೋರಿಗೇ ಹೋಗಬೇಕು.

ಸಾಮರ್ಥ್ಯ ಅರ್ಧಕ್ಕಿಂತ ಕೆಳಗಿದೆ. ಇಷ್ಟು ದಣಿದ ಸೆಲ್ ಮೇಲೆ ಡೇಟಾ ಓಡಿಸಿದಾಗ ವೋಲ್ಟೇಜ್ ದಿಢೀರ್ ಕುಸಿಯುತ್ತೆ, ಶೇಕಡಾ ಅಂಕಿ 30 ತೋರಿಸ್ತಿದ್ರೂ ಮೆಷಿನ್ ಆಫ್ ಆಗುತ್ತೆ. ನಿಮ್ಮ 71 ಡಿಗ್ರಿ ಹೇಳ್ತಿರೋದೂ ಅದನ್ನೇ.

ಹೊಸ ಬ್ಯಾಟರಿ ಕೂತ ಮೇಲೆ, ಅದೇ ಕಂಪನಿಯ, ಅದೇ ಪಿನ್ನಿನ 65 ವಾಟ್ ಚಾರ್ಜರ್ ಯಾರ ಹತ್ರನಾದ್ರೂ ಇಸ್ಕೊಂಡು ಹಾಕಿ ಬಯಾಸ್ ನೋಡಿ. 65 ಅಂತ ಬಂದ್ರೆ ನಿಮ್ಮ ಚಾರ್ಜರೇ ಹಾಳು. ಆಗಲೂ ಅನ್‌ನೋನ್ ಬಂದ್ರೆ ಜಾಕ್ ನೋಡಿಸಿ. ಎಷ್ಟೋ ಮಾದರಿಗಳಲ್ಲಿ ಅದು ಬೋರ್ಡಿಗೆ ಬೆಸುಗೆ ಹಾಕಿದ್ದಲ್ಲ, ಪುಟ್ಟ ವೈರ್ ಸಮೇತ ಬಿಡಿಯಾಗಿ ಸಿಗುತ್ತೆ. ಪಿನ್ ಅಲುಗಾಡಿಸಿದ್ರೆ ಚಾರ್ಜ್ ಹತ್ತುತ್ತೆ ಅಂದಿದ್ದಕ್ಕೆ ನನಗೆ ಈ ಎರಡರ ಮೇಲೇ ಅನುಮಾನ. ಇವೆರಡೂ ಸರಿ ಇದ್ರೆ ಮಾತ್ರ ಬೋರ್ಡಿನ ಮಾತು.

ಉತ್ತರ 4

ಹೊಸ ಬ್ಯಾಟರಿ ಹಾಕಿದ ಮೇಲೆ ಯಾವಾಗಲೂ ಪ್ಲಗ್‌ನಲ್ಲೇ ಇಡೋದಾದ್ರೆ ಚಾರ್ಜ್ ಮಿತಿ 80%ಗೆ ಇಡಿ, ಬಯಾಸ್‌ನಲ್ಲೋ ಕಂಪನಿಯ ಸಾಫ್ಟ್‌ವೇರ್‌ನಲ್ಲೋ ಆ ಆಯ್ಕೆ ಇರಬಹುದು. ತುಂಬಿದ ಚಾರ್ಜು, ಜೊತೆಗೆ ಬಿಸಿ, ಎರಡೂ ಸೇರಿದ್ರೆ ಸೆಲ್ ಬೇಗ ಸವೆಯುತ್ತೆ. ಬ್ಯಾಗಿಗೆ ಹಾಕುವಾಗ ಸ್ಲೀಪ್ ಬೇಡ, ಹೈಬರ್ನೇಟ್ (ಕೆಲಸ ಡಿಸ್ಕಿಗೆ ಉಳಿಸಿ ಪೂರ್ತಿ ಆಫ್ ಆಗೋದು) ಮಾಡಿ. ಒಳಗೆ ಎಚ್ಚರವಾಗಿ ಕಾದು ಕೂತಿದ್ದ ಲ್ಯಾಪ್‌ಟಾಪುಗಳನ್ನ ನೋಡಿದೀನಿ.

ಪ್ರಶ್ನೆ ಕೇಳಿದವರು

ಕಾಪಿ ಮಾಡಿ ಆಫ್ ಮಾಡಿದೀನಿ, ಇದನ್ನ ಫೋನಿಂದ ಬರೀತಿದೀನಿ. ಬಿಚ್ಚಿದಾಗ ಧೂಳೂ ತೆಗೆಸಿಬಿಡ್ಲಾ?

ಉತ್ತರ 2

ಖಂಡಿತ, ಫ್ಯಾನ್ ಕೂಗ್ತಿರೋದಕ್ಕೆ ಅದು ಬೇಕೇಬೇಕು. ಮೇಲಿನಿಂದ ಗಾಳಿ ಊದಿದ್ರೆ ಸಾಲದು ಅಂತ ಹೇಳಿ. ಫ್ಯಾನ್ ತೆಗೆದು, ಅದಕ್ಕೂ ಹೀಟ್‌ಸಿಂಕಿನ (ಬಿಸಿ ಹೊರಹಾಕೋ ಲೋಹದ ಭಾಗ) ರೆಕ್ಕೆಗಳಿಗೂ ನಡುವಿನ ಸಂದು ನೋಡಬೇಕು. ಧೂಳು ಅಲ್ಲಿ ಕಂಬಳಿ ತುಂಡಿನ ಹಾಗೆ ಹೆಪ್ಪುಗಟ್ಟಿರುತ್ತೆ, ಚಿಮುಟದಲ್ಲಿ ಹಿಡಿದೆಳೆದ್ರೆ ಇಡಿಯಾಗಿ ಬರುತ್ತೆ. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕು, ಇಲ್ಲದಿದ್ರೆ ಬೇರಿಂಗ್ ಹೋಗಬಹುದು. ಹೀಟ್‌ಸಿಂಕ್ ಎತ್ತಿದ್ರೆ ಹಳೇ ಪೇಸ್ಟನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಪೂರ್ತಿ ಒರೆಸಿಯೇ ಹೊಸದು ಹಾಕಬೇಕು. ಬಯಾಸ್‌ನಲ್ಲಿ ಏನು ಬಂತು ಅಂತ ಇಲ್ಲೇ ತಿಳಿಸಿ.