ಹಗಲು ಹಸಿರು, ರಾತ್ರಿ ಕೆಂಪು: ಆರ್‌ಎಫ್‌ಸಿ ಕನೆಕ್ಷನ್ ಎಲ್ಲಿ ಕಡಿಯುತ್ತಿದೆ?

ಪ್ರಶ್ನೆ: ಮೇಡಂ, ನಮಸ್ಕಾರ. ಹುಬ್ಬಳ್ಳಿ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಎಸ್‌ಎಪಿ ಬೇಸಿಸ್ (ಎಸ್‌ಎಪಿ ಅನ್ನುವ ವ್ಯವಹಾರದ ಸಾಫ್ಟ್‌ವೇರ್‌ನ ಸರ್ವರ್, ಕನೆಕ್ಷನ್ ನೋಡಿಕೊಳ್ಳುವ) ಕೆಲಸ ಮಾಡುತ್ತೇನೆ, ಸೇರಿ ಒಂದೂವರೆ ವರ್ಷ. ನಮ್ಮ ಮುಖ್ಯ ಸಿಸ್ಟಮ್ ಒಂದು ಕಡೆ ಇದೆ, ಗೋದಾಮಿನ ಎಸ್‌ಎಪಿ ಸಿಸ್ಟಮ್ ಬೇರೆ ನೆಟ್‌ವರ್ಕ್‌ನಲ್ಲಿದೆ. ದಿನಾ ರಾತ್ರಿ 11.30ಕ್ಕೆ ಒಂದು ಜಾಬ್ ಓಡಿ, ಮರುದಿನದ ಡೆಲಿವರಿಗಳನ್ನು ಐಡಾಕ್ (ಸಿಸ್ಟಮ್‌ಗಳ ನಡುವೆ ಮಾಹಿತಿ ಒಯ್ಯುವ ಎಸ್‌ಎಪಿ ದಾಖಲೆ) ಮಾಡಿ, ಆರ್‌ಎಫ್‌ಸಿ (ಒಂದು ಸಿಸ್ಟಮ್ ಇನ್ನೊಂದನ್ನು ಕರೆಯುವ ವಿಧಾನ) ಕನೆಕ್ಷನ್ ಮೂಲಕ ಗೋದಾಮಿಗೆ ಕಳಿಸುತ್ತದೆ. ಈಗ ಮೂರು ವಾರದಿಂದ ವಾರಕ್ಕೆ ಎರಡು ಮೂರು ರಾತ್ರಿ ಏನೂ ತಲುಪುತ್ತಿಲ್ಲ. ಬೆಳಿಗ್ಗೆ ಬಂದು ಎಸ್‌ಎಂ59ರಲ್ಲಿ (ಆರ್‌ಎಫ್‌ಸಿ ಕನೆಕ್ಷನ್‌ಗಳ ಸ್ಕ್ರೀನ್) ಕನೆಕ್ಷನ್ ಟೆಸ್ಟ್ ಮಾಡಿದರೆ ಹಸಿರು. ನೆಟ್‌ವರ್ಕ್ ಟೀಮಿನವರು "ಪಿಂಗ್ ಹೋಗ್ತಿದೆ, ನಮ್ಮ ಕಡೆ ತೊಂದರೆ ಇಲ್ಲ" ಅಂತಾರೆ. ಐಡಾಕ್ ಸ್ಟೇಟಸ್ ನೋಡಿದರೆ ಎಲ್ಲಾ 03. ಗೋದಾಮಿನವರು ಮಾತ್ರ ಒಂದೂ ಬಂದಿಲ್ಲ ಅಂತ ಫೋನ್ ಮಾಡುತ್ತಾರೆ. ಅಷ್ಟು ಹೊತ್ತಿಗೆ ಲಾರಿಗಳು ಬಂದು ನಿಂತಿರುತ್ತವೆ. ಎಲ್ಲಿಂದ ಹುಡುಕಲಿ?

ಉತ್ತರ: ನಮಸ್ಕಾರ. ಮೊದಲು 03ರ ವಿಷಯ ಹೇಳಿಬಿಡುತ್ತೇನೆ, ತುಂಬಾ ಜನ ಇಲ್ಲೇ ದಾರಿ ತಪ್ಪುತ್ತಾರೆ. 03 ಅಂದರೆ ಐಡಾಕನ್ನು ನಮ್ಮ ಕಡೆಯ ಕಳಿಸುವ ಪೋರ್ಟಿಗೆ (ಇದು ನೆಟ್‌ವರ್ಕ್ ಪೋರ್ಟ್ ಅಲ್ಲ) ಒಪ್ಪಿಸಿ ಆಯಿತು ಅಂತ ಅಷ್ಟೇ. ಆ ಕಡೆ ತಲುಪಿತು ಅಂತ ಅಲ್ಲ. ನಡುವೆ ಸಿಕ್ಕಿಕೊಂಡದ್ದು ಎಸ್‌ಎಂ58ರಲ್ಲಿ (ಹೋಗದೆ ಉಳಿದ ಆರ್‌ಎಫ್‌ಸಿ ಕರೆಗಳ ಪಟ್ಟಿ) ಕೂತಿರುತ್ತದೆ. ಅಲ್ಲಿ ಹೋಗಿ, ಯೂಸರ್ ಹೆಸರಿನ ಜಾಗದಲ್ಲಿ ನಕ್ಷತ್ರ ಹಾಕಿ, ಆ ರಾತ್ರಿಯ ತಾರೀಕು ಕೊಟ್ಟು ನೋಡಿ. ಎರರ್ ಸಾಲು ಅಲ್ಲೇ ಇರುತ್ತದೆ. ದಯವಿಟ್ಟು ಅದನ್ನು ಇದ್ದ ಹಾಗೇ ಬರೆದುಕೊಳ್ಳಿ. "ಕನೆಕ್ಟ್ ಆಗ್ತಿಲ್ಲ" ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಅದರಲ್ಲಿ ಒಂದೊಂದು ಮಾತಿಗೂ ಬೇರೆ ಅರ್ಥ ಇದೆ. "ಕನೆಕ್ಷನ್ ರೆಫ್ಯೂಸ್ಡ್" ಅಂತ ಬಂದರೆ ಸಾಮಾನ್ಯವಾಗಿ ನೀವು ಮನೆ ಬಾಗಿಲ ತನಕ ಹೋಗಿದ್ದೀರಿ, ಒಳಗೆ ಯಾರೂ ಇಲ್ಲ. ಅಂದರೆ ಆ ಕಡೆ ಗೇಟ್‌ವೇ (ಆರ್‌ಎಫ್‌ಸಿ ಕರೆಗಳನ್ನು ಬರಮಾಡಿಕೊಳ್ಳುವ ಪ್ರೋಗ್ರಾಂ) ಓಡುತ್ತಿಲ್ಲ, ಇಲ್ಲವೇ ಇನ್‌ಸ್ಟನ್ಸ್ ನಂಬರ್ (ಆ ಎಸ್‌ಎಪಿ ಸರ್ವರ್‌ಗೆ ಕೊಟ್ಟ ಎರಡಂಕಿಯ ಸಂಖ್ಯೆ) ತಪ್ಪು. ಲಿನಕ್ಸ್‌ನಲ್ಲಿ ಇದು 111, ವಿಂಡೋಸ್‌ನಲ್ಲಿ 10061. "ಟೈಮ್ಡ್ ಔಟ್" ಅಂದರೆ ಹೆಚ್ಚಿನ ಸಲ ದಾರಿಯಲ್ಲೇ ಯಾರೋ ತಡೆದಿದ್ದಾರೆ, ಸಾಮಾನ್ಯವಾಗಿ ಫೈರ್‌ವಾಲ್. ಅದು 110 ಅಥವಾ 10060. "ಹೋಸ್ಟ್‌ನೇಮ್ ಅನ್‌ನೋನ್" ಅಂದರೆ ವಿಳಾಸವೇ ಗೊತ್ತಿಲ್ಲ, ಡಿಎನ್‌ಎಸ್ ಅಥವಾ ಹೋಸ್ಟ್ಸ್ ಫೈಲ್ ನೋಡಬೇಕು. ಈ ಮೂರನ್ನು ಬಿಡಿಸಿಕೊಂಡರೆ ಯಾರ ಹತ್ತಿರ ಹೋಗಬೇಕು ಅನ್ನುವುದು ಗೊತ್ತಾಗುತ್ತದೆ.

ಪಿಂಗ್ ಹೋಗುತ್ತಿದೆ ಅನ್ನುವುದರಿಂದ ನಮಗೆ ಜಾಸ್ತಿ ಉಪಯೋಗ ಇಲ್ಲ. ಪಿಂಗ್‌ಗೆ ಪೋರ್ಟೇ ಇಲ್ಲ. ಆರ್‌ಎಫ್‌ಸಿ ಹೋಗುವುದು ಗೇಟ್‌ವೇ ಪೋರ್ಟಿಗೆ: 33 ಆದ ಮೇಲೆ ಇನ್‌ಸ್ಟನ್ಸ್ ನಂಬರ್. ಇನ್‌ಸ್ಟನ್ಸ್ 00 ಆದರೆ 3300, 10 ಆದರೆ 3310. ನೆಟ್‌ವರ್ಕ್‌ನವರಿಗೆ ಈ ಪೋರ್ಟ್ ನಂಬರ್ ಕೊಟ್ಟು ಕೇಳಿ. "ಎಸ್‌ಎಪಿ ಓಪನ್ ಮಾಡಿ" ಅಂದರೆ ಅವರು 3200 ಓಪನ್ ಮಾಡಿಬಿಡುತ್ತಾರೆ. ಅದರಿಂದ ಎಸ್‌ಎಪಿ ಗುಯಿ (ಜನ ಬಳಸುವ ಎಸ್‌ಎಪಿ ಸ್ಕ್ರೀನ್) ಲಾಗಿನ್ ಆಗುತ್ತದೆ, ಆರ್‌ಎಫ್‌ಸಿ ಆಗುವುದಿಲ್ಲ.

ಈಗ ನಿಮ್ಮ ಕೇಸಿನ ಮುಖ್ಯ ಪ್ರಶ್ನೆ. ನಿಮ್ಮಲ್ಲಿ ಎಷ್ಟು ಅಪ್ಲಿಕೇಶನ್ ಸರ್ವರ್ (ಎಸ್‌ಎಪಿ ಕೆಲಸ ಹಂಚಿಕೊಂಡು ಓಡಿಸುವ ಸರ್ವರ್) ಇವೆ? ತಲುಪದ ರಾತ್ರಿಗಳಲ್ಲಿ ಜಾಬ್ ಯಾವ ಸರ್ವರ್ ಮೇಲೆ ಓಡಿದೆ? ಎಸ್‌ಎಂ37ರಲ್ಲಿ ಜಾಬ್ ಡೀಟೇಲ್ಸ್ ತೆಗೆದರೆ ಗೊತ್ತಾಗುತ್ತದೆ. ನೋಡಿ ಹೇಳಿ.

ಪ್ರಶ್ನೆ ಕೇಳಿದವರು: ಮೇಡಂ, ಎಸ್‌ಎಂ58ರಲ್ಲಿ ನಿಜಕ್ಕೂ ಸಾಲು ಸಾಲು ಇವೆ! ಎರರ್: "ಪಾರ್ಟ್‌ನರ್ ನಾಟ್ ರೀಚ್ಡ್", ಕೆಳಗೆ ಟೈಮ್ಡ್ ಔಟ್. ನಮ್ಮಲ್ಲಿ ಮೂರು ಅಪ್ಲಿಕೇಶನ್ ಸರ್ವರ್. ಮೂರನೆಯದು ಹೋದ ತಿಂಗಳು ಹೊಸದಾಗಿ ಸೇರಿಸಿದ್ದು. ತಲುಪದ ರಾತ್ರಿಗಳೆಲ್ಲಾ ಜಾಬ್ ಓಡಿರುವುದು ಅದರ ಮೇಲೆಯೇ. ಆದರೆ ನಾನು ಟೆಸ್ಟ್ ಮಾಡಿದಾಗ ಹಸಿರು ಬರುವುದು ಹೇಗೆ?

ಉತ್ತರ: ಎಸ್‌ಎಂ59ರ ಟೆಸ್ಟ್ ಹೊರಡುವುದು ನೀವು ಲಾಗಿನ್ ಆಗಿರುವ ಸರ್ವರ್‌ನಿಂದ. ನೀವು ಬೆಳಿಗ್ಗೆ ಒಂದನೆಯದರಲ್ಲೋ ಎರಡನೆಯದರಲ್ಲೋ ಇರುತ್ತೀರಿ. ಅವುಗಳ ಐಪಿಗೆ ಫೈರ್‌ವಾಲ್‌ನಲ್ಲಿ ಹಿಂದೆಯೇ ಅನುಮತಿ ಇದೆ. ಮೂರನೆಯದಕ್ಕೆ ಯಾರೂ ಕೇಳಿಲ್ಲ. ಜಾಬ್‌ಗೆ ಟಾರ್ಗೆಟ್ ಸರ್ವರ್ ಕೊಡದಿದ್ದರೆ, ಬ್ಯಾಕ್‌ಗ್ರೌಂಡ್ ಪ್ರೋಸೆಸ್ ಖಾಲಿ ಇರುವ ಯಾವ ಸರ್ವರ್‌ನಲ್ಲಾದರೂ ಓಡುತ್ತದೆ. ಅದಕ್ಕೇ ಕೆಲವು ರಾತ್ರಿ ಮಾತ್ರ ಹೀಗಾಗುತ್ತಿದೆ.

ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ತೊಂದರೆಗೆ ಮೂರು ರಾತ್ರಿ ನಿದ್ದೆಗೆಟ್ಟಿದ್ದೆ. ಅಂದಿನಿಂದ ಟೆಸ್ಟ್ ಮಾಡುವ ಮುಂಚೆ ಯಾವ ಸರ್ವರ್‌ನಲ್ಲಿ ಇದ್ದೇನೆ ಅಂತ ನೋಡದೆ ಬಟನ್ ಒತ್ತುವುದಿಲ್ಲ. ಎಸ್‌ಎಂ51ರಲ್ಲಿ ಮೂರನೆಯ ಸರ್ವರ್ ಮೇಲೆ ಡಬಲ್ ಕ್ಲಿಕ್ ಮಾಡಿ ಅಲ್ಲಿಗೆ ಹೋಗಿ, ಅಲ್ಲಿಂದ ಎಸ್‌ಎಂ59 ಟೆಸ್ಟ್ ಮಾಡಿ. ಕೆಂಪು ಬಂದೇ ಬರುತ್ತದೆ.

ಇವತ್ತು ರಾತ್ರಿಗೆ ಜಾಬ್‌ನ ಟಾರ್ಗೆಟ್ ಒಂದನೇ ಸರ್ವರ್‌ಗೆ ಕಟ್ಟಿಬಿಡಿ, ಲಾರಿಗಳು ನಿಲ್ಲುವುದು ಬೇಡ. ನಾಳೆ ಫೈರ್‌ವಾಲ್ ಕೆಲಸ ಆದ ಮೇಲೆ ಅದನ್ನು ತೆಗೆಯಲು ಮರೆಯಬೇಡಿ. ಹಾಗೇ ಬಿಟ್ಟರೆ ಆ ಸರ್ವರ್ ನಿಂತ ದಿನ ಜಾಬ್ ಓಡುವುದೇ ಇಲ್ಲ.

ಎಸ್‌ಎಂ58ರಲ್ಲಿ ಇರುವುದನ್ನು ಮಾತ್ರ ಡಿಲೀಟ್ ಮಾಡಬೇಡಿ. ಅದು ಕಸ ಅಲ್ಲ, ನಿಮ್ಮ ಡೆಲಿವರಿಗಳು. ದಾರಿ ಸರಿಯಾದ ಮೇಲೆ ಅಲ್ಲಿಂದಲೇ ಮತ್ತೆ ಓಡಿಸಿ, ಇಲ್ಲವೇ ಆರ್‌ಎಸ್‌ಎಆರ್‌ಎಫ್‌ಸಿಇಎಕ್ಸ್ ರಿಪೋರ್ಟ್ ಓಡಿಸಿ. ಪ್ರತಿಯೊಂದಕ್ಕೂ ಒಂದು ಟ್ರಾನ್ಸಾಕ್ಷನ್ ಐಡಿ ಇರುವುದರಿಂದ ಆ ಕಡೆ ಎರಡು ಸಲ ಆಗುವುದಿಲ್ಲ. ಆದರೆ ಅವಸರಕ್ಕೆ ಬಿದ್ದು ಹೊಸದಾಗಿ ಐಡಾಕ್ ಮಾಡಿ ಕಳಿಸಿದರೆ, ಇಲ್ಲವೇ ಗೋದಾಮಿನವರು ಕೈಯಲ್ಲೇ ಎಂಟ್ರಿ ಮಾಡಿದ್ದರೆ, ಒಂದೇ ಡೆಲಿವರಿ ಎರಡಾಗಬಹುದು. ಮೊದಲು ಅವರಿಗೆ ಫೋನ್ ಮಾಡಿ ಕೇಳಿ, ಆಮೇಲೆ ಓಡಿಸಿ.

ಇನ್ನೊಂದು. ಆರ್‌ಬಿಡಿಎಂಒಐಡಾಕ್ ಅನ್ನುವ ರಿಪೋರ್ಟನ್ನು ದಿನಾ ಓಡುವ ಹಾಗೆ ಇಡಿ. ನಿಜವಾಗಿ ಹೋದವುಗಳನ್ನು ಅದು 03ರಿಂದ 12ಕ್ಕೆ ಬದಲಿಸುತ್ತದೆ. ಬೆಳಿಗ್ಗೆ ಇನ್ನೂ 03 ಆಗಿಯೇ ಉಳಿದಿದ್ದರೆ ಗೋದಾಮಿನ ಫೋನ್ ಬರುವ ಮುಂಚೆ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು: ಮೂರನೆಯದರಿಂದ ಟೆಸ್ಟ್ ಮಾಡಿದೆ ಮೇಡಂ, ಕೆಂಪೇ. ಫೈರ್‌ವಾಲ್ ಟೀಮಿಗೆ ಐಪಿ, ಪೋರ್ಟ್ ಎರಡೂ ಬರೆದು ಕಳಿಸಿದೆ, ಒಂದು ಗಂಟೆಯಲ್ಲಿ ಆಯಿತು. ಗೋದಾಮಿನವರು ಆರು ಡೆಲಿವರಿಗಳನ್ನು ಕೈಯಲ್ಲಿ ಹಾಕಿದ್ದರಂತೆ. ಅವನ್ನು ಬಿಟ್ಟು ಉಳಿದದ್ದನ್ನು ಓಡಿಸಿದೆ, ಎಲ್ಲಾ ಹೋಯಿತು. ತುಂಬಾ ಥ್ಯಾಂಕ್ಸ್.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮಲ್ಲಿ ಎಲ್ಲಾ ಸರ್ವರ್‌ನಿಂದಲೂ ಪೋರ್ಟ್ ಓಪನ್ ಇದೆ, ಆದರೂ ಫೇಲ್ ಆಗುತ್ತದೆ. ಡೆಸ್ಟಿನೇಶನ್‌ನಲ್ಲಿ (ಎಸ್‌ಎಂ59ರ ಕನೆಕ್ಷನ್ ಎಂಟ್ರಿ) ಲೋಡ್ ಬ್ಯಾಲೆನ್ಸಿಂಗ್ (ಕರೆಗಳನ್ನು ಹಲವು ಸರ್ವರ್‌ಗೆ ಹಂಚುವುದು) ಹಾಕಿದ್ದೇವೆ.

ಉತ್ತರ: ಲೋಡ್ ಬ್ಯಾಲೆನ್ಸಿಂಗ್‌ನಲ್ಲಿ ಎರಡು ಹೆಜ್ಜೆ ಇದೆ. ಮೊದಲು ಮೆಸೇಜ್ ಸರ್ವರ್ ಹತ್ತಿರ ಹೋಗುತ್ತದೆ. ಅದರ ಪೋರ್ಟ್ 36ರಿಂದ ಶುರು, ಉದಾಹರಣೆಗೆ 3601. ಅದು "ಇಂಥ ಅಪ್ಲಿಕೇಶನ್ ಸರ್ವರ್‌ಗೆ ಹೋಗು" ಅಂತ ಒಂದು ಹೆಸರು ಹೇಳುತ್ತದೆ. ಆಮೇಲೆ ಆ ಸರ್ವರ್‌ನ 33ರ ಪೋರ್ಟಿಗೆ ಹೋಗಬೇಕು. ಅದು ಹೇಳುವ ವಿಳಾಸ ಅವರ ಒಳಗಿನ ವಿಳಾಸ ಆಗಿದ್ದರೆ ನಿಮ್ಮ ಕಡೆಯಿಂದ ಅಲ್ಲಿಗೆ ದಾರಿಯೇ ಇರುವುದಿಲ್ಲ, ಅಲ್ವಾ? ಗ್ರೂಪ್‌ನಲ್ಲಿರುವ ಪ್ರತಿ ಸರ್ವರ್‌ಗೂ ಹೆಸರು ಮತ್ತು ಪೋರ್ಟ್ ಎರಡನ್ನೂ ನೋಡಿ. ಸರ್ವೀಸಸ್ ಫೈಲ್‌ನಲ್ಲಿ (ಯಾವ ಹೆಸರಿಗೆ ಯಾವ ಪೋರ್ಟ್ ಅಂತ ಇರುವ ಫೈಲ್) ಮೆಸೇಜ್ ಸರ್ವರ್ ಸಾಲು ಇದೆಯಾ ಅಂತಲೂ ನೋಡಿ. ವಿಂಡೋಸ್ ಆದರೆ ಆ ಕೊನೆಯ ಸಾಲಿನ ನಂತರ ಒಂದು ಎಂಟರ್ ಒತ್ತಿರಬೇಕು.

ಮತ್ತೊಬ್ಬರು: ಕನೆಕ್ಷನ್ ಟೆಸ್ಟ್ ಸರಿ ಬರುತ್ತದೆ, ಆದರೆ ಕರೆ ಹೋದಾಗ ಲಾಗಾನ್ ಎರರ್. ಪಾಸ್‌ವರ್ಡ್ ಬದಲಿಸಿದಾಗಿನಿಂದ ಆರ್‌ಎಫ್‌ಸಿ ಯೂಸರ್ ಪದೇ ಪದೇ ಲಾಕ್ ಆಗುತ್ತಿದೆ. ಎಸ್‌ಎಪಿ ಆಲ್ (ಎಲ್ಲಾ ಅಧಿಕಾರ ಇರುವ ಪ್ರೊಫೈಲ್) ಕೊಟ್ಟು ನೋಡಲಾ?

ಉತ್ತರ: ಬೇಡ, ಖಂಡಿತ ಬೇಡ. ಲಾಕ್ ಆಗುವುದಕ್ಕೂ ಅಧಿಕಾರಕ್ಕೂ ಸಂಬಂಧ ಇಲ್ಲ. ಆ ಪ್ರೊಫೈಲ್ ಕೊಟ್ಟರೆ ಆ ಒಂದು ಪಾಸ್‌ವರ್ಡ್ ಸಿಕ್ಕವರಿಗೆ ಇಡೀ ಸಿಸ್ಟಮ್ ಸಿಕ್ಕಿದ ಹಾಗೆ. ಕನೆಕ್ಷನ್ ಟೆಸ್ಟ್ ದಾರಿಯನ್ನು ಮಾತ್ರ ನೋಡುತ್ತದೆ. ಯೂಸರ್, ಪಾಸ್‌ವರ್ಡ್ ಸರಿ ಇದೆಯಾ ಅಂತ ತಿಳಿಯಲು ಯುಟಿಲಿಟೀಸ್ ಮೆನುವಿನಲ್ಲಿ ಆಥರೈಸೇಶನ್ ಟೆಸ್ಟ್ ಬೇರೆ ಇದೆ, ಅದನ್ನು ಮಾಡಿ.

ಪದೇ ಪದೇ ಲಾಕ್ ಆಗುತ್ತಿದ್ದರೆ ಇನ್ನೆಲ್ಲೋ ಹಳೆಯ ಪಾಸ್‌ವರ್ಡ್ ಉಳಿದಿದೆ. ಐದು ಸಲ ತಪ್ಪಿದರೆ ಲಾಕ್, ನೀವು ಬದಲಿಸದಿದ್ದರೆ ಅದೇ ಲೆಕ್ಕ. ಎಸ್‌ಎಂ20ರ ಆಡಿಟ್ ಲಾಗ್‌ನಲ್ಲಿ ಫೇಲ್ ಆದ ಆರ್‌ಎಫ್‌ಸಿ ಲಾಗಾನ್ ತೆಗೆದು, ಟರ್ಮಿನಲ್ ಹೆಸರು ನೋಡಿ. ಆ ಲಾಗ್ ಆನ್ ಆಗಿರಬೇಕು. ನಾನು ನೋಡಿದ ಕೇಸುಗಳಲ್ಲಿ ಜಾಸ್ತಿ ಸಲ ಸಿಕ್ಕಿದ್ದು ಪ್ರೊಡಕ್ಷನ್ (ನಿಜವಾದ ಕೆಲಸ ನಡೆಯುವ ಸಿಸ್ಟಮ್) ಕಡೆಗೇ ಮುಖ ಮಾಡಿದ ಡೆಸ್ಟಿನೇಶನ್ ಇಟ್ಟುಕೊಂಡ ಟೆಸ್ಟ್ ಸಿಸ್ಟಮ್. ಅದನ್ನು ಸರಿ ಮಾಡಿದ ಮೇಲೆ ಎಸ್‌ಯು01ರಲ್ಲಿ ಅನ್‌ಲಾಕ್ ಮಾಡಿ. ಮೊದಲೇ ಮಾಡಿದರೆ ಐದು ನಿಮಿಷದಲ್ಲಿ ಮತ್ತೆ ಲಾಕ್ ಆಗಿರುತ್ತದೆ.